ಅಕ್ಕನ ಫಂಡನ್ನು ನಾನು ಕಾಯ್ದ ಬಗೆ

ನನಗೆ ಕಾಯಲು ಬರುವುದಿಲ್ಲ. ಕನಕಪುರದ ಬಸ್ಸು ಸ್ವಲ್ಪ ತಡವಾದರೆ ಸಾಕು, ಮುಂದಿನ ಸ್ಟಾಪಿನವರೆಗೆ ನಡೆದುಬಿಡೋಣ ಎಂದು ಹೊರಡುತ್ತೇನೆ. ಎರಡು ಸ್ಟಾಪುಗಳ ನಡುವೆ ನಾನಿರುವಾಗ ಬಸ್ಸು ನನ್ನನ್ನು ದಾಟಿಕೊಂಡು ಹೋಗುತ್ತದೆ. ಇಷ್ಟಕ್ಕೇ ನಿಂತಿದ್ದರೆ ನಷ್ಟ ನನ್ನ ಕಾಲಿಗೆ ಮಾತ್ರ. ಆದರೆ ಈ ಬುದ್ಧಿ ನನ್ನ ಅಕ್ಕನ ಮುಪ್ಪಿನ ದುಡ್ಡಿಗೂ ಕೈ ಹಾಕಿತು.

ಭಾವ ತೀರಿಕೊಂಡ ಮೇಲೆ ಅಕ್ಕ ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದಳು. ಇಡೀ ದಿನ ನಿಂತು ಮಾಡುವ ಕೆಲಸ. ಮಕ್ಕಳಿಲ್ಲ. ಜೊತೆಯವರು ಚೀಟಿ ಹಾಕುತ್ತಿದ್ದಾಗ ಇವಳು ಸಂಬಳ ಬಂದ ದಿನವೇ ಒಂದು ಪಾಲನ್ನು ಮ್ಯೂಚುವಲ್ ಫಂಡಿಗೆ ಹಾಕುತ್ತಿದ್ದಳು. ಹತ್ತಾರು ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಬಾಬತ್ತು ಅದು. ಮಂಡಿ ಸೋತಿತ್ತು. ಬರುವ ಯುಗಾದಿಗೆ ಕೆಲಸ ಬಿಟ್ಟು, ಆ ದುಡ್ಡಿನಲ್ಲಿ ಬದುಕುವುದೆಂದು ತೀರ್ಮಾನಿಸಿದ್ದಳು.

ನಾನು ಸಾತನೂರಿನ ಹತ್ತಿರ ರೇಷ್ಮೆ ಹುಳು ಸಾಕುತ್ತೇನೆ. ಓದಿದ್ದು ಏಳನೇ ಕ್ಲಾಸು. ಅದೂ ಮೇಷ್ಟರ ದಯೆ. ನನಗೆ ಗೊತ್ತಿರುವ ಮಾರುಕಟ್ಟೆ ರಾಮನಗರದ ಗೂಡಿನ ಮಾರುಕಟ್ಟೆ ಒಂದೇ. ಅಲ್ಲಿ ನಾಳೆ ಎಂಬುದಿಲ್ಲ. ಗೂಡು ಬಿಡಿಸಿದ ಮೇಲೆ ಬೇಗ ಮಾರದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಹಾಗಾಗಿ ರೇಟು ಬಿದ್ದಿದ್ದರೂ ಬೈದುಕೊಂಡು ಮಾರಿ ಬರುತ್ತೇವೆ. ನಮ್ಮಪ್ಪ ಹಾಗೆ ಮಾರಿದರು, ನಾನೂ ಮಾರಿದೆ. ಬಿದ್ದದ್ದನ್ನು ಇಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಹೋದ ವರ್ಷ ಅಕ್ಕನ ಕಣ್ಣಿನ ಪೊರೆ ತೆಗೆಸಿ, ವಾಸಿಯಾಗುವವರೆಗೆ ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಡಾಕ್ಟರು ಕೆಲವು ದಿನ ಮೊಬೈಲು ನೋಡಬೇಡಿ ಎಂದದ್ದಕ್ಕೆ ಅವಳು ಫೋನನ್ನು ಪಿನ್ನಿನ ಸಮೇತ ನನ್ನ ಕೈಗೆ ಕೊಟ್ಟಳು, ಬಂದ ಕರೆಗೆ ಉತ್ತರ ಹೇಳಲಿ ಎಂದು. ನಾನು ಕರೆ ಬಿಟ್ಟು ಫಂಡು ನೋಡಿದೆ. ಬೆಲೆ ಇಳಿದು ಕೆಂಪಗಿತ್ತು. ಮರುದಿನ ಇನ್ನೂ ಕೆಂಪಗಿತ್ತು. ಹುಲ್ಲಿಗೆ ಹೋದರೂ ನೋಡಿದೆ, ಹಾಲು ಹಾಕಲು ಹೋದರೂ ನೋಡಿದೆ. ಗೂಡಿನೊಳಗೆ ಚಿಟ್ಟೆ ಕೆರೆಯುತ್ತಿರುವ ಸದ್ದು ನನ್ನ ಕಿವಿಗೇ ಕೇಳಿಸತೊಡಗಿತು. ಆ ವಾರವೇ ಪೂರ್ತಿ ಮಾರಿಬಿಟ್ಟೆ. ದುಡ್ಡು ಅಕ್ಕನ ಬ್ಯಾಂಕಿಗೆ ಬಂದು ಬಿತ್ತು. ಅವಳ ಮುಪ್ಪನ್ನು ಉಳಿಸಿದೆನೆಂಬ ಸಂತೋಷಕ್ಕೆ ಹೋಟೆಲಿಗೆ ಹೋಗಿ ಒಂದು ತಟ್ಟೆ ಇಡ್ಲಿ ಹೆಚ್ಚಿಗೆ ತಿಂದೆ.

ಕೆಲವು ತಿಂಗಳಲ್ಲಿ ಷೇರು ಮಾರುಕಟ್ಟೆ ಎದ್ದು, ನಾನು ಮಾರಿದ ಬೆಲೆಯನ್ನು ದಾಟಿ ಎಲ್ಲಿಗೋ ಹೋಯಿತು. ಅಕ್ಕ ಫಂಡನ್ನು ದಿನಾ ತೆರೆದು ನೋಡುವವಳಲ್ಲ; ದುಡ್ಡು ಬಿತ್ತೆಂದು ಬ್ಯಾಂಕಿನಿಂದ ಬಂದ ಮೆಸೇಜನ್ನು ನಾನು ಅವತ್ತೇ ಅಳಿಸಿದ್ದೆ. ನನ್ನ ನಿಜವಾದ ತಪ್ಪು ಅದೇ. ಮಾರಿದ್ದು ದಡ್ಡತನ, ಅಳಿಸಿದ್ದು ಕಳ್ಳತನ. ಅಕ್ಕ ಫೋನು ಮಾಡಿದಾಗಲೆಲ್ಲ ಹುಳಕ್ಕೆ ಸೊಪ್ಪು ಹಾಕುತ್ತಿದ್ದೇನೆ ಎನ್ನುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಹುಳಗಳು ತಿಂದಷ್ಟು ಸೊಪ್ಪನ್ನು ಜಗತ್ತಿನ ಯಾವ ಹುಳವೂ ತಿಂದಿರಲಾರದು.

ಕೊನೆಗೊಂದು ಭಾನುವಾರ ಹಾರೋಹಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿನ್ನ ಹೊಲದ ರೇಟ ದಿನಾ ಬೆಳಿಗ್ಗೆ ಎದ್ದು ಯಾರ್ನಾರ ಕೇಳ್ತೀಯೇನ್ಲಾ?"

"ಇಲ್ಲ ಕಣಕ್ಕ. ಹೊಲ ಎಲ್ಗೋಯ್ತದೆ?"

"ಅದೂ ಎಲ್ಗೂ ಓಗ್ತಿರ್ಲಿಲ್ಲ. ನೀನೇ ಕೈಯಾರೆ ಅಟ್ಬುಟ್ಟೆ." ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಹೇಳಿದಳು: "ಒಂದ್ ವರ್ಸ ಎಚ್ಗೆ ನಿಂತ್ಕಬೇಕು, ಅಷ್ಟೇಯ. ಮಂಡಿಗೆ ಯೋಳ್ತೀನಿ ಬುಡು."

ಅವಳು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತನ್ನ ತಪ್ಪನ್ನೂ ಅವಳೇ ಎತ್ತಿ ಹೇಳಿದಳು. ಕೆಲಸ ಬಿಟ್ಟ ಮೊದಲ ಕೆಲವು ವರ್ಷಗಳ ಖರ್ಚಿನ ದುಡ್ಡು ಷೇರಿನಲ್ಲಿ ಇರಲೇಬಾರದಿತ್ತಂತೆ. ಬಿದ್ದ ದಿನವೇ ಬೇಕಾದರೆ ಬಿದ್ದ ಬೆಲೆಗೇ ತೆಗೆಯಬೇಕಾಗುತ್ತದೆ. ಆ ಪಾಲನ್ನು ಬ್ಯಾಂಕಿನಲ್ಲೇ ಬಿಟ್ಟು, ದೂರದ ವರ್ಷಗಳ ಪಾಲನ್ನು ಮತ್ತೆ ಫಂಡಿಗೆ ಹಾಕಿದಳು, ಅಷ್ಟರಲ್ಲಿ ಏರಿದ್ದ ಬೆಲೆಯಲ್ಲಿ.

ಷೇರು ಮುಪ್ಪಿಗೆ ಭದ್ರವೇ ಎಂದು ನೀವು ಕೇಳಿದರೆ, ಯಾರೂ ಬರೆದುಕೊಡುವುದಿಲ್ಲ ಎನ್ನಬೇಕು. ಬ್ಯಾಂಕಿನ ದುಡ್ಡೂ ಕರಗುತ್ತದೆ. ಎಣ್ಣೆ, ಬೇಳೆಯ ಬೆಲೆ ಏರಿದಂತೆಲ್ಲ ಅದು ಸದ್ದಿಲ್ಲದೆ ಕರಗುತ್ತದೆ, ಕೆಂಪು ಬಣ್ಣ ತೋರಿಸುವುದಿಲ್ಲ. ಷೇರು ಮಾತ್ರ ನಮ್ಮ ಮುಖಕ್ಕೆ ಹಿಡಿದು ತೋರಿಸುತ್ತದೆ, ನನ್ನಂಥವನ ಕೈ ಆಗಲೇ ಮಾರುವ ಗುಂಡಿಗೆ ಹೋಗುವುದು.

ರೇಷ್ಮೆ ಸಾಕುವವನಿಗೆ ಪಿಂಚಣಿ ಯಾರು ಕೊಡುತ್ತಾರೆ ಎಂದು ಕೇಳಿ, ಅಕ್ಕ ನನ್ನ ಹೆಸರಿನಲ್ಲೂ ಒಂದು ಫಂಡು ಶುರು ಮಾಡಿಸಿದಳು. ಅದಕ್ಕೊಂದು ಪಾಲು, ಅಕ್ಕನ ಆ ಹೆಚ್ಚಿನ ವರ್ಷವನ್ನು ಆದಷ್ಟು ಗಿಡ್ಡ ಮಾಡಲು ಇನ್ನೊಂದು ಪಾಲು. ಪ್ರತಿ ಬೆಳೆಯಲ್ಲೂ ಈ ಎರಡನ್ನು ತೆಗೆದಿಟ್ಟ ಮೇಲೆಯೇ ಮನೆಯ ಖರ್ಚು. ತನಗೆ ಕೊಡುವ ಪಾಲು ಬೇಡವೆಂದಳು. ಈ ಒಂದು ವಿಷಯದಲ್ಲಿ ನಾನು ಅವಳ ಮಾತು ಕೇಳುವುದಿಲ್ಲ.

ಈ ವಾರ ಮಾರುಕಟ್ಟೆ ಮತ್ತೆ ಬಿದ್ದಿದೆಯಂತೆ. ನನ್ನ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹಿಪ್ಪುನೇರಳೆ ತೋಟಕ್ಕೆ ಬಂದಿದ್ದೇನೆ. ಒಂದು ಕೈಯಲ್ಲಿ ರೆಂಬೆ, ಇನ್ನೊಂದರಲ್ಲಿ ಕುಡುಗೋಲು. ಅಕ್ಕನ ಫೋನು ಅಕ್ಕನ ಹತ್ತಿರವೇ ಇದೆ. ಅವಳ ದುಡ್ಡೂ ನನ್ನ ದುಡ್ಡೂ ಸದ್ಯಕ್ಕೆ ಭದ್ರವಾಗಿವೆ.