ಕಾರಣದ ಜಾಗದಲ್ಲಿ ಒಂದು ಚುಕ್ಕಿ

ಹಿರಿಯೂರಿನ ಹೊರಗಿರುವ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನದು ಓದುವ ಕೆಲಸ. ಮಾತ್ರೆ ಪರೀಕ್ಷಿಸುವ ಯಂತ್ರದಲ್ಲಿ ಯಾರು, ಯಾವಾಗ, ಏನು ಮಾಡಿದರು ಎಂಬುದನ್ನೆಲ್ಲ ಕಂಪ್ಯೂಟರ್ ತಾನೇ ದಾಖಲಿಸಿಕೊಳ್ಳುತ್ತದೆ. ಅದಕ್ಕೆ ಆಡಿಟ್ ಟ್ರೇಲ್ ಎನ್ನುತ್ತಾರೆ. ಅದನ್ನು ಯಾರೂ ಅಳಿಸುವಂತಿಲ್ಲ. ನಾನು ಓದಿ ಸರಿಯಿದೆ ಎಂದ ಮೇಲೆಯೇ ಮಾತ್ರೆ ಹೊರಗೆ ಹೋಗಬೇಕು.

ನನ್ನ ಗೆಳತಿ ಆ ಯಂತ್ರದ ಮುಂದೆ ಕೂರುತ್ತಿದ್ದಳು. ಧರ್ಮಪುರದಿಂದ ಬಸ್ಸಿಗೆ ಬರುತ್ತಿದ್ದಳು. ಏನನ್ನಾದರೂ ಬದಲಿಸಿದರೆ, ನಿಲ್ಲಿಸಿದರೆ, ಕಂಪ್ಯೂಟರ್ ಕಾರಣ ಕೇಳುತ್ತದೆ; ಬರೆಯದೆ ಮುಂದಕ್ಕೆ ಬಿಡುವುದಿಲ್ಲ. ಅವಸರವಿದ್ದಾಗ ಅವಳು ಒಂದು ಚುಕ್ಕಿ ಒತ್ತಿಬಿಡುತ್ತಿದ್ದಳು.

“ಲೇ, ಇದೇನೇ ಬರೀ ಚುಕ್ಕಿ?” ಎಂದು ನಾನು ಕೇಳಿದರೆ,

“ಇನ್ನೇನ್ ಮಾಡ್ಲಿ? ಕುಂತ್ರೂ ಯಾಕೆ, ನಿಂತ್ರೂ ಯಾಕೆ ಅಂತೈತೆ, ನಮ್ಮತ್ತೆ ಇದ್ದಂಗೈತೆ. ನೀನೇ ಗೆರೆ ಎಳ್ಕಂಡು ರಂಗೋಲಿ ಹಾಕ್ಕಳೇ” ಎನ್ನುತ್ತಿದ್ದಳು.

ಆಮೇಲೆ ನಗುತ್ತಲೇ ಕಾರಣ ಹೇಳುತ್ತಿದ್ದಳು. ನಾನು ಬರೆದುಕೊಂಡು ಅವಳ ಸಹಿ ಹಾಕಿಸುತ್ತಿದ್ದೆ.

ಒಂದು ಸಂಜೆ ಬಸ್ಸಿಗೆ ಕಾಯುವಾಗ “ಮಧ್ಯಾಹ್ನದಿಂದ ತಲೆ ಸಿಡೀತೈತೆ ಕಣೇ” ಎಂದಳು. ಮನೆ ತಲುಪಿ ಅಂಗಳದಲ್ಲೇ ಬಿದ್ದಳಂತೆ. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದಳು.

ಮಣ್ಣಿಗೆ ಹೋಗಿ ಬಂದು ಮತ್ತೆ ಕೆಲಸಕ್ಕೆ ಕುಳಿತಾಗ ನನ್ನ ಮುಂದೆ ಅವಳ ಕೊನೆಯ ದಿನದ ದಾಖಲೆ ಇತ್ತು. ಮಧ್ಯಾಹ್ನ ಒಂದು ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದ್ದಾಳೆ. ಕಾರಣದ ಜಾಗದಲ್ಲಿ ಚುಕ್ಕಿ. ಆಮೇಲೆ ಅದೇ ಮಾತ್ರೆಯನ್ನು ಮತ್ತೆ ಪರೀಕ್ಷಿಸಿದ್ದಾಳೆ; ಫಲಿತಾಂಶ ಚೆನ್ನಾಗಿದೆ.

ಇಂಥದ್ದನ್ನು ಕಂಡರೆ ಹೊರಗಿನಿಂದ ಬರುವ ತಪಾಸಣೆಯವರು ಅನುಮಾನಿಸುವುದು ಒಂದನ್ನೇ: ಕೆಟ್ಟ ಫಲಿತಾಂಶ ಬರುವಂತಿತ್ತು, ಮುಚ್ಚಿಹಾಕಲು ನಿಲ್ಲಿಸಿದರು. ನಾನು ಯಂತ್ರದ ಒತ್ತಡ ಏರಿತ್ತೇ ನೋಡಿದೆ, ಕರೆಂಟ್ ಹೋಗಿತ್ತೇ ವಿಚಾರಿಸಿದೆ. ಏನೂ ಆಗಿರಲಿಲ್ಲ. ಯಂತ್ರ ಕೆಟ್ಟಿರಬಾರದಿತ್ತೇ ಎಂದು ಅಷ್ಟು ಹಂಬಲಿಸಿದ್ದು ಅದೇ ಮೊದಲು.

ಮ್ಯಾನೇಜರಿಗೆ ತಲೆನೋವಿನ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ.

“ಯಂತ್ರ ನಿಲ್ಸಿದ್ದು ಅದಕ್ಕೇ ಅಂತ ಹೇಳಿದ್ಲಾ?”

“ಇಲ್ಲ ಸಾರ್.”

“ಮತ್ತೆ ಹೆಂಗಮ್ಮ ಬರಿಯಾದು? ಆಯಮ್ಮನ ಕೈತಪ್ಪಿಂದ ಆಯ್ತು ಅಂತ ಬರೀರಿ. ಮುಚ್ಚಿಟ್ಲು ಅನ್ನಿಸ್ಕಳಾದಕ್ಕಿಂತ ಅದು ವಾಸಿ. ಇನ್ನು ಆಯಮ್ಮಂಗೆ ಏನಾಗಾದೈತೆ ಹೇಳ್ರಿ.”

ಕೈತಪ್ಪು ಎಂಬುದೂ ನನಗೆ ಗೊತ್ತಿಲ್ಲವಲ್ಲ. ‘ಕಾರಣ ತಿಳಿದಿಲ್ಲ’ ಎಂದು ವರದಿ ಬರೆದು ಕಳಿಸಿದೆ. ಕಾರಣವಿಲ್ಲದೆ ಮುಗಿಸುವಂತಿಲ್ಲ ಎಂದು ವಾಪಸ್ ಬಂತು. ಮತ್ತೆ ಅದನ್ನೇ ಬರೆದೆ. ಆಗ ಕಡತವನ್ನು ಬೇರೊಬ್ಬರಿಗೆ ಕೊಟ್ಟರು. ಊಟದ ಹೊತ್ತಿಗೆ ಕೈತಪ್ಪು ಎಂದು ಮುಗಿದಿತ್ತು.

ಅಂಥ ತಪ್ಪು ಮತ್ತೆ ಆಗದಿರಲೆಂದು ಆ ವರದಿಯನ್ನು ಲ್ಯಾಬಿನ ಎಲ್ಲರಿಗೂ ಓದಿಸಿದರು. ಅವಳ ಹೆಸರಿರಲಿಲ್ಲ. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ‘ಓದಿದ್ದೇನೆ, ಅರ್ಥವಾಗಿದೆ’ ಎಂಬ ಸಾಲಿನ ಕೆಳಗೆ ಒಬ್ಬೊಬ್ಬರೇ ಸಹಿ ಹಾಕಿದರು. ಹಾಳೆ ನನ್ನ ಹತ್ತಿರ ಬಂದಾಗ ಪಕ್ಕದವರು ಪೆನ್ನು ಕೊಟ್ಟರು. ನಾನೂ ಹಾಕಿದೆ.