ಬಕೆಟ್ಟಿನ ತಳ ನೋಡುವಾಕೆ

ಬೆಳಗಿನ ಐದೂವರೆ. ನದಿಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆಯ ಬುಡದಲ್ಲಿ ಆಕೆ ಕಬ್ಬಿಣದ ಬೋನಿನ ಮುಚ್ಚಳ ಎತ್ತುತ್ತಾಳೆ. ಒಳಗೆ ವಿಲವಿಲ. ಮೀನುಗಳ ನಡುವೆ ಹಾವಿನಂಥ ಲ್ಯಾಂಪ್ರೆಗಳು. ದವಡೆಯಿಲ್ಲದ ದುಂಡು ಬಾಯಿ, ಅದರ ತುಂಬ ಸುತ್ತು ಸುತ್ತಾಗಿ ಹಲ್ಲು! ಅವು ಹೊಳೆ ಹತ್ತದಿರಲೆಂದೇ ಈ ಗೋಡೆ. ಅವನ್ನು ತೊಟ್ಟಿಗೆ ಹಾಕಿ, ಒಳ್ಳೆಯ ಮೀನನ್ನು ಬಕೆಟ್ಟಿನಲ್ಲಿ ಹೊತ್ತು ಗೋಡೆಯಾಚೆ ಮೇಲ್ಹೊಳೆಗೆ ಬಿಡುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ದಿನಕ್ಕೆ ಮುನ್ನೂರು ಲ್ಯಾಂಪ್ರೆ ಸಿಗುವುದೂ ಉಂಟು. ಎಲ್ಲರ ಬಾಯಲ್ಲೂ ಆಕೆ ಬೋನಮ್ಮ.

"ಅಂಟಿದ್ರೆ ಬಿಡೋ ಜಾತಿ ಅಲ್ಲ. ನಾಲಿಗೆನೇ ಅರ. ಮೀನಿನ ಮೈ ಉಜ್ಜಿ ತೂತು ಮಾಡುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಜೊಲ್ಲು ಬಿಟ್ಟು ವಾರಗಟ್ಲೆ ಹೀರುತ್ತೆ. ಮೊಟ್ಟೆ ಇಡೋಕೆ ಹೊಳೆ ಹತ್ತುವಾಗ ಮಾತ್ರ ಏನೂ ತಿನ್ನಲ್ಲ. ಇಟ್ಟು ಸಾಯುತ್ತೆ," ಎಂದು ಕೆಲಸ ನೋಡಲು ಹೋದ ನನಗೆ ವಿವರಿಸುತ್ತಾಳೆ.

ಗಂಡ ಕೆಳಗಿನ ಸರೋವರದಲ್ಲಿ ಬಲೆ ಬೀಸುವವನು. ಹತ್ತು ಮೀನಿನಲ್ಲಿ ಆರರ ಮೈಮೇಲೆ ದುಂಡು ಗಾಯ ಕಾಣುತ್ತಿದ್ದ ಕಾಲದಲ್ಲಿ ಆಕೆ ಕೆಲಸಕ್ಕೆ ಸೇರಿದ್ದು. ಈಗ ಆರು ಒಂದಕ್ಕಿಳಿದಿದೆ. ಆದರೂ ಬೋನಮ್ಮನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೂರು ವರ್ಷದ ಹಿಂದೆ ನೀರು ತಣ್ಣಗಿರಲೆಂದು ಮೀನಿನ ಬಕೆಟ್ಟನ್ನು ಲ್ಯಾಂಪ್ರೆ ತೊಟ್ಟಿಯೊಳಗೇ ಇಟ್ಟಿದ್ದಳು. ಗೋಡೆಯಾಚೆ ಅದನ್ನು ಅದ್ದಿದಾಗ, ತಳಕ್ಕೆ ಹೊರಗಿನಿಂದ ಅಂಟಿಕೊಂಡು ಬಂದಿದ್ದ ಹೊಟ್ಟೆಯುಬ್ಬಿದ ಹೆಣ್ಣು ಲ್ಯಾಂಪ್ರೆ ಕೈಗೆ ತಗುಲಿ ಜಾರಿಹೋಯಿತು. ಯಾರೂ ನೋಡಿರಲಿಲ್ಲ. ತಾನೇ ಹೋಗಿ ಸಾಹೇಬರಿಗೆ ಹೇಳಿದಳು.

"'ಒಂದೇ ತಾನೇ, ಗಂಡಿಲ್ದೆ ಏನು ಮಾಡೀತು ಬಿಡಮ್ಮ' ಅಂದ್ರು ಸಾಹೇಬ್ರು. ಗಂಡು ಮೊದ್ಲೇ ಮೇಲೆ ಹೋಗಿಲ್ಲ ಅಂತ ಯಾರು ಕಂಡಿದ್ದಾರೆ? ಅರವತ್ತು ಸಾವಿರ ಮೊಟ್ಟೆ ಸಾರ್! ಮರಿಗೆ ಕಣ್ಣಿಲ್ಲ, ಹಲ್ಲಿಲ್ಲ, ಐದಾರು ವರ್ಷ ಕೆಸರಲ್ಲೇ ಹೂತಿರುತ್ತೆ. ಹಲ್ಲು ಬಂದ ಮೇಲೆ ನಮ್ಮ ಯಜಮಾನ್ರ ಸರೋವರಕ್ಕೇ ಇಳಿಯೋದು."

ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಂದಿನಿಂದ ಪ್ರತಿ ಸಲವೂ ಆಕೆ ಬಕೆಟ್ಟಿನ ತಳಕ್ಕೆ ಕೈಯಾಡಿಸಿಯೇ ಹೆಜ್ಜೆ ಎತ್ತುತ್ತಾಳೆ. "ಮನೇಲೂ ಅಷ್ಟೇ. ತಳ ನೋಡೋಕೆ ಹೋಗಿ ಒಂದಿನ ಹಾಲಿನ ಪಾತ್ರೆನೇ ಬೋರಲು ಹಾಕಿದ್ಲು," ಎಂದು ಗಂಡ ನಗುತ್ತಾನೆ. ಆಕೆಗೆ ನಗು ಬರುವುದಿಲ್ಲ. ರಜೆಯ ದಿನ ಜರಡಿ ಹಿಡಿದು ಮೇಲ್ಹೊಳೆಗೆ ಹೋಗಿ ಕೆಸರು ಸೋಸುತ್ತಾಳೆ. ಇದುವರೆಗೆ ಒಂದು ಮರಿಯೂ ಸಿಕ್ಕಿಲ್ಲ. ಸಿಕ್ಕಿಲ್ಲವೆಂಬುದೇ ಆಕೆಯ ತಳಮಳ, ಏಕೆಂದರೆ ಹೊಳೆ ಉದ್ದ, ಜರಡಿ ಒಂದೇ.

ಬರುವ ವರ್ಷ ನಿವೃತ್ತಿ. ಆಸೆಯೇನು ಎಂದರೆ ಜರಡಿ ಕೊಡವುತ್ತ ಹೇಳುತ್ತಾಳೆ:

"ನನ್ನ ಜಾಗಕ್ಕೆ ಬರೋರ ಕೈಗೆ ಇದನ್ನ ಕೊಟ್ಟು ಹೋಗ್ತೀನಿ. ವರ್ಷಗಟ್ಲೆ ಸೋಸ್ಲಿ, ಏನೂ ಸಿಗದೇ ಇರ್ಲಿ. 'ಹುಚ್ಚು ಮುದುಕಿ, ಸುಮ್ನೆ ಕೆಸರು ಹೊರಿಸಿದ್ಲು' ಅಂತ ಬೈಕೊಳ್ಳಿ. ಆ ಬೈಗುಳ ಒಂದು ಕಿವಿಗೆ ಬಿದ್ರೆ ಸಾಕು ಸಾರ್, ಅವತ್ತು ನಿದ್ದೆ ಮಾಡ್ತೀನಿ."