ನಾಲ್ಕು ದಿಕ್ಕು, ಒಂದು ಬಾವಿ

ನಾನು ಸ್ಪ್ಯಾನಿಷ್ ಕಲಿಯುತ್ತೇನೆ ಅಂದಾಗ ಬಳ್ಳಾರಿಯ ನಮ್ಮ ಓಣಿಯವರು ಮೂಗು ಮುರಿದಿದ್ದರು. ‘ಕಲ್ತು ಯಾರ ಕೂಡ ಮಾತಾಡ್ತಿಯವ್ವ, ಎಮ್ಮಿ ಕೂಡೇನು?’ ನಾನೋ ಹಟಮಾರಿ. ಫೋನು ಹಿಡಿದೇ ಮೂರು ವರ್ಷ ಕಲಿತೆ. ಕುರುಗೋಡಿನ ಕಡೆ ಗಾಳಿಯಂತ್ರ ನಿಲ್ಲಿಸಲು ಸ್ಪೇನಿನವರು ಬಂದಾಗ ಅನುವಾದದ ಕೆಲಸ ನನ್ನನ್ನೇ ಹುಡುಕಿಕೊಂಡು ಬಂತು.

ಮೊದಲ ಕಾಗದ ಒಬ್ಬ ಹೆಣ್ಣುಮಗಳ ಹೊಲದ ಚೆಕ್ಕುಬಂದಿ. ಅಂದರೆ ಹೊಲದ ಯಾವ ದಿಕ್ಕಿಗೆ ಏನಿದೆ ಎಂಬ ಪಟ್ಟಿ. ಕನ್ನಡ ಪತ್ರದಿಂದ ಯಾರೋ ಇಂಗ್ಲಿಷಿಗೆ ಇಳಿಸಿದ್ದರು, ಅದನ್ನು ನಾನು ಸ್ಪ್ಯಾನಿಷಿಗೆ ತರಬೇಕಿತ್ತು. ನಾರ್ತ್ ನೋರ್ತೆ, ಸೌತ್ ಸೂರ್, ಈಸ್ಟ್ ಎಸ್ತೆ, ವೆಸ್ಟ್ ಓಎಸ್ತೆ. ಐದು ನಿಮಿಷದ ಕೆಲಸ. ಉತ್ತರಕ್ಕೆ ಬಂಡಿದಾರಿ ಇದೆ, ಅದನ್ನು ಹೊಲದೊಳಕ್ಕೆ ಅಗಲ ಮಾಡುವುದು ಎಂದೂ ಅದರಲ್ಲಿತ್ತು.

ಅಪ್ಪ ಸಿರುಗುಪ್ಪದ ನೋಂದಣಿ ಕಚೇರಿ ಎದುರು ಕೂತು ಆಯುಷ್ಯವೆಲ್ಲ ಪತ್ರ ಬರೆದವರು. ಅವರಿಗೆ ಓದಿ ಹೇಳಿದೆ.

‘ಹೊಲ ನೋಡಿಯೇನು?’

‘ಇಲ್ಲ.’

‘ನೋಡ್ಲಾರ್ದ ಹೆಂಗ ಬರದಿ?’

ಸಿಟ್ಟು ಬಂತು. ಆದರೂ ಮರುದಿನ ಮುಂಜಾನೆ ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು.

ಸೂರ್ಯ ಬಂಡಿದಾರಿಯ ಮೇಲೆಯೇ ಏರುತ್ತಿದ್ದ. ದಾರಿ ಇದ್ದದ್ದು ಪೂರ್ವಕ್ಕೆ. ಉತ್ತರಕ್ಕೆ ಗುಡ್ಡ, ಅದರ ಬುಡದಲ್ಲಿ ಹೊಲದ ಅಂಚಿಗೆ ಕಲ್ಲು ಕಟ್ಟಿದ ಬಾವಿ. ಹೊಲದ ಒಡತಿ ಅದರ ನೀರನ್ನೇ ನಮಗೆ ಕುಡಿಯಲು ಕೊಟ್ಟಳು. ಮೆಣಸಿನಕಾಯಿ ಬೆಳೆಗೂ ಅದೇ ನೀರು.

ಅಪ್ಪ ಅವಳ ಮೂಲಪತ್ರ ತರಿಸಿ ನೋಡಿ ತಲೆ ಚಚ್ಚಿಕೊಂಡರು. ನಮ್ಮ ಚೆಕ್ಕುಬಂದಿ ಪೂರ್ವದಿಂದ ಶುರುವಾಗುತ್ತದೆ: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಇಂಗ್ಲಿಷಿನವರದು ಉತ್ತರದಿಂದ. ಆ ಪುಣ್ಯಾತ್ಮ ತಲೆಬರಹವನ್ನು ಇಂಗ್ಲಿಷಿನ ಕ್ರಮದಲ್ಲಿ ಹಾಕಿ, ಎದುರಿಗೆ ವಿವರವನ್ನು ನಮ್ಮ ಕ್ರಮದಲ್ಲೇ ಮಕ್ಕಿಕಾಮಕ್ಕಿ ತುಂಬಿದ್ದ. ಪೂರ್ವದ ದಾರಿ ಉತ್ತರಕ್ಕೆ ಹೋಗಿ ಬಾವಿಯ ಮೇಲೆ ಕೂತಿತ್ತು. ನನ್ನ ನಾಲ್ಕು ಪದಗಳಲ್ಲಿ ಒಂದೂ ತಪ್ಪಿರಲಿಲ್ಲ. ಬಾವಿ ಮಾತ್ರ ಮುಚ್ಚಿಹೋಗುತ್ತಿತ್ತು.

‘ನಿಮ್ಮ ಕೆಲ್ಸ ನಾಕು ಪದ ಬದ್ಲ ಮಾಡೋದು ಅಷ್ಟರಿ,’ ಎಂದ ನನಗೆ ಈ ಅನುವಾದ ಕೊಟ್ಟಾತ, ತಪ್ಪು ತಿಳಿಸಿದಾಗ. ನಾನು ಜಗ್ಗಲಿಲ್ಲ. ಪಟ್ಟಿ ತಿದ್ದಿ, ಕೆಳಗೆ ಸ್ಪ್ಯಾನಿಷಿನಲ್ಲೇ ಕಾರಣ ಬರೆದು ಕಳಿಸಿದೆ. ಸ್ಪೇನಿನ ಎಂಜಿನಿಯರಮ್ಮ ತಾನೇ ಹೊಲಕ್ಕೆ ಬಂದು, ನನ್ನ ಕಾಗದ ಹಿಡಿದು ನಾಲ್ಕೂ ಬದು ತಿರುಗಿ, ನಕ್ಷೆಯಲ್ಲಿ ದಾರಿಯನ್ನು ಪೂರ್ವಕ್ಕೆ ಗುರುತು ಮಾಡಿದಳು. ಅಪ್ಪ ಪಕ್ಕದಲ್ಲಿ ನಿಂತು ಅಂಗಿಯ ಕಾಲರು ಸರಿಮಾಡಿಕೊಂಡರು. ನನಗಂತೂ ನನ್ನ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಹೊಲದ ಒಡತಿ ಕಾಗದ ಈಸಿಕೊಂಡು ತಿರುವಿ ಮುರುವಿ ನೋಡಿದಳು.

‘ಇದರಾಗ ನನ್ನ ಬಾವಿ ಎಲ್ಲೈತಿ?’

ಅವಳ ಬೆರಳು ಹಿಡಿದು ಒಂದು ಪದದ ಮೇಲೆ ಇಟ್ಟೆ. ಪೋಸೊ. ಇಂಗ್ಲಿಷ್ ಕಾಗದದಲ್ಲಿ ಬಾವಿಯ ಸುದ್ದಿಯೇ ಇರಲಿಲ್ಲ. ಆ ಸಾಲು ನಾನೇ ಬರೆದದ್ದು.